ಬಿಲ್ಲಿಗೆ ಸಿಗದ ಹಿಡಿ ಬೇಳೆ

ರಾಗಿಣಿ ಬರೆದ ಬಿಲ್ಲಿಂಗ್ ಪ್ರೋಗ್ರಾಂ ಗೋವಿಂದರಾಜನಗರದ ಜಗನ್ನಾಥ ಶೆಟ್ಟರ ದಿನಸಿ ಅಂಗಡಿಗೆ ಬಂದದ್ದು ೨೦೦೪ರ ಯುಗಾದಿಗೆ. ಬಿಲ್ ಸರಿ, ಪ್ರಿಂಟರ್ ಸರಿ. ತೊಗರಿಬೇಳೆ ಮಾತ್ರ ಕಂಪ್ಯೂಟರ್ ಹೇಳಿದ್ದಕ್ಕಿಂತ ಮೂಟೆಗೆ ಎರಡು ಕಿಲೋ ಕಡಿಮೆ ಇರುತ್ತಿತ್ತು.

"ತೂಕಕ್ಕೆ ನಿಲ್ಲೋದು ನೀಲಮ್ಮ ಒಬ್ಬಳೇ," ಶೆಟ್ಟರು ದನಿ ತಗ್ಗಿಸಿದರು. "ಹದಿನೆಂಟು ವರ್ಷದಿಂದ ನಂಬಿದೀನಿ. ಬೇಲಿನೇ ಎದ್ದು ಹೊಲ ಮೇಯ್ದ್ರೆ ಏನ್ಮಾಡೋದಮ್ಮ? ಶನಿವಾರದೊಳಗೆ ತಪ್ಪು ನಿಮ್ಮ ಪ್ರೋಗ್ರಾಮಿಂದು ಅಂತ ತೋರ್ಸಿ. ಇಲ್ದಿದ್ರೆ ಅವಳನ್ನ ಬಿಡಿಸ್ತೀನಿ."

ತನ್ನದೇ ತಪ್ಪು ಸಿಗಲಪ್ಪಾ ಎಂದು ದೇವರಿಗೆ ಕೈಮುಗಿದ ಪ್ರೋಗ್ರಾಮರ್ ಲೋಕದಲ್ಲಿ ಇವಳೊಬ್ಬಳೇ ಇರಬೇಕು. ವಿಜಯನಗರದ ಸೈಬರ್ ಸೆಂಟರಿನಲ್ಲಿ ಕೂತು, ಇಂಟರ್ನೆಟ್ಟಿನ ಫೋರಂ ಒಂದರಲ್ಲಿ ಕೋಡನ್ನೆಲ್ಲ ಸುರಿದು ಕೇಳಿದಳು. ಯಾವ ದೇಶದವನೋ, ದಶಾಂಶ ನೋಡು ಅಂದ. ಸರಿಯಿತ್ತು. ಇನ್ನೊಬ್ಬ, ಕೆಲವು ಬಿಲ್ ಸೇವ್ ಆಗುತ್ತಿಲ್ಲ ಅಂದ. ಎಲ್ಲವೂ ಆಗುತ್ತಿದ್ದವು. ಅವಳ ತಲೆ ಮೊಸರುಗಡಿಗೆಯಾಯಿತು.

ಶುಕ್ರವಾರ ಅಂಗಡಿಯಲ್ಲೇ ಸ್ಟೂಲ್ ಹಾಕಿಕೊಂಡು ಕೂತಳು. ನೀಲಮ್ಮ ಬೇಳೆ ತೂಗಿದಳು. ಒಂದು ಕಿಲೋ, ಸರಿಯಾಗಿ. ಬಿಲ್ ಆಯಿತು. ಪೊಟ್ಟಣ ಕಟ್ಟುವ ಮುಂಚೆ ಅವಳ ಕೈ ಮತ್ತೆ ಮೂಟೆಗಿಳಿದು ಅರೆಹಿಡಿ ಬೇಳೆ ತಂದು ಮೇಲೆ ಹಾಕಿತು. ಮುಂದಿನ ಗಿರಾಕಿಗೂ ಹಾಗೆಯೇ.

ಕೊಸರು! ಹುಟ್ಟಿದಾಗಿನಿಂದ ಕೊಸರು ತಿಂದೇ ಬೆಳೆದವಳಿಗೆ ಅದು ಕಣ್ಣಿಗೆ ಬಿದ್ದದ್ದು ಈಗ.

"ಅಯ್ಯೋ, ಬೇಳೆಗೆ ನಮ್ಮಪ್ಪನ ಕಾಲದಿಂದ ಹಾಕ್ತಾ ಇದೀವಿ. ಅದೂ ಒಂದು ಲೆಕ್ಕಾನಾ?" ಅವಳು ಹೋಗಿ ಹೇಳಿದಾಗ ಶೆಟ್ಟರು ನಕ್ಕುಬಿಟ್ಟರು. ನೀಲಮ್ಮನ ಮೇಲಿನ ಅನುಮಾನ ಅಲ್ಲಿಗೇ ಹರಿಯಿತು.

ರಾಗಿಣಿಗೆ ಹಿಡಿಸಲಾರದಷ್ಟು ಖುಷಿ. ಆ ಖುಷಿಯಲ್ಲಿ, ಯಾರೂ ಕೇಳದಿದ್ದರೂ, 'ಕೊಸರು' ಅಂತ ಒಂದು ಕಾಲಂ ಸೇರಿಸಿ, ವರ್ಷಕ್ಕೆ ಎಷ್ಟು ಹೋಗುತ್ತದೆಂದು ಪ್ರಿಂಟ್ ತೆಗೆದು ಕೊಟ್ಟಳು. ಶೆಟ್ಟರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು.

ಮರುತಿಂಗಳು ಮನೆಗೆ ಬೇಳೆ ಕೊಳ್ಳಲು ಹೋದಳು. ತೂಕವಾಯಿತು. ನೀಲಮ್ಮನ ಕೈ ಅಭ್ಯಾಸದಂತೆ ಮೂಟೆಗಿಳಿಯಿತು, ಅಲ್ಲೇ ನಿಂತಿತು, ಬರಿದಾಗಿ ಮೇಲೆ ಬಂತು.

"ಸಾಹುಕಾರ್ರು ಕೊಸರು ನಿಲ್ಸಿಬಿಟ್ಟವ್ರೆ ಕಣಮ್ಮ. ನನ್ ಕೆಲ್ಸ ಉಳಿಸಿದೋರು ನೀವು, ನಿಮಗೂ ಒಂದ್ ಹಿಡಿ ಹಾಕೋ ಹಂಗಿಲ್ಲ."

ಸ್ಟಾಕ್ ಆ ತಿಂಗಳು ಒಂದು ಗ್ರಾಮೂ ತಪ್ಪದೆ ತಾಳೆಯಾಗಿತ್ತು. ತಾನು ಸರಿಮಾಡಿದ ತಪ್ಪು ಯಾವುದೆಂದು ಮಾತ್ರ ರಾಗಿಣಿಗೆ ತಿಳಿಯಲಿಲ್ಲ.