ಶಾಂತಮೂರ್ತಿ ಬದಲಿಸಿದ ಹದಿನಾರು ಬೋರ್ಡು

ಶಾಂತಮೂರ್ತಿಯನ್ನು ಜಗಲಿಯ ಮೇಲೆ ಕೂರಿಸಿ, ಬೆನ್ನಿಗೆ ಹಲಗೆ ಕೊಟ್ಟು, ಹಣೆಗೆ ವಿಭೂತಿ ಬಳಿಯುತ್ತಿದ್ದಾಗ ಎರಡು ಆಟೋಗಳು ಬಂದು ನಿಂತವು. ಹತ್ತು ಹನ್ನೆರಡು ಹೆಂಗಸರು ಇಳಿದರು. ಎಲ್ಲರೂ ಕೆಲಸದ ಸೀರೆಯಲ್ಲೇ ಬಂದಿದ್ದರು. ಕೆಲವರ ತೋಳಿಗೆ ರೇಷ್ಮೆಯ ಎಳೆ ಇನ್ನೂ ಅಂಟಿಕೊಂಡಿತ್ತು. ಮಧುವನಹಳ್ಳಿಯ ಆ ಬೀದಿಯಲ್ಲಿ ಅವರ ಗುರುತು ಯಾರಿಗೂ ಇರಲಿಲ್ಲ.

ಸತ್ತವನ ಅಣ್ಣ ಶಿವರುದ್ರಸ್ವಾಮಿ ಎದ್ದು ಬಂದು, ಯಾವೂರಿನವರೆಂದು ಕೇಳಿದರು.

“ಕೊಳ್ಳೇಗಾಲದಿಂದ ಬಂದೋ ಸಾ, ರೇಷ್ಮೆ ಹುರಿ ಕಾರ್ಖಾನೆಯೋರು” ಎಂದಳು ಮುಂದಿದ್ದ ಕೆಂಪಾಜಮ್ಮ. “ನಮ್ ಮಿಷನ್ ನೋಡ್ಕೊಳ್ತಿದ್ರು ಇವ್ರು.”

ಶಿವರುದ್ರಸ್ವಾಮಿಗೆ ಆಶ್ಚರ್ಯವಾಯಿತು. ಅವರ ಲೆಕ್ಕದಲ್ಲಿ ತಮ್ಮನೆಂದರೆ ಬೇಸಾಯ ಒಗ್ಗದೆ ಬಸ್ ಸ್ಟ್ಯಾಂಡಿನ ಹಿಂದೆ ಗೂಡಿನಂಥ ಅಂಗಡಿ ಹಿಡಿದು, ಮೊದಲು ರೇಡಿಯೋ, ಆಮೇಲೆ ಟಿವಿ, ಈಚೆಗೆ ಪಂಪ್‌ಸೆಟ್ಟಿನ ಬೋರ್ಡು ರಿಪೇರಿ ಮಾಡಿಕೊಂಡಿದ್ದವನು. ನಿನ್ನೆ ಅದೇ ಅಂಗಡಿಯ ಸ್ಟೂಲಿನ ಮೇಲೆ ಎದೆ ಹಿಡಿದುಕೊಂಡು ಒರಗಿದ್ದ. ಐವತ್ತೆಂಟು ವರ್ಷ.

ಕೆಂಪಾಜಮ್ಮ ಒಳಗೆ ಹೋಗಿ ಶಾಂತಮೂರ್ತಿಯ ಹೆಂಡತಿ ಶಿವರತ್ನಮ್ಮನ ಪಕ್ಕ ಕುಳಿತಳು.

*

ಮೂರು ವರ್ಷದ ಹಿಂದೆ ಕಾರ್ಖಾನೆಯ ಮಾಲೀಕ ಗುರುಪಾದಸ್ವಾಮಿ ಶಾಂತಮೂರ್ತಿಯನ್ನು ಕರೆಸಿದ್ದರು. ನೂಲಿಗೆ ಹುರಿ ಹಾಕುವ ಹದಿನಾರು ಮಿಷನ್‌ಗಳಿದ್ದವು, ಒಂದೊಂದೂ ಮೂವತ್ತಡಿ ಉದ್ದ. ಯಾರದಾದರೂ ಸೆರಗು ಬೆಲ್ಟಿಗೆ ಸಿಕ್ಕಿದರೆ ಸ್ವಿಚ್ಚಿನವರೆಗೆ ಓಡುವಷ್ಟರಲ್ಲಿ ಕೈ ಹೋಗಿರುತ್ತದೆ. ಶಾಂತಮೂರ್ತಿ ಪ್ರತಿ ಮಿಷನ್ನಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿದ. ಎಲ್ಲಿ ನಿಂತು ಎಳೆದರೂ ಮಿಷನ್ ನಿಲ್ಲಬೇಕು.

ಹಗ್ಗ ಎಳೆದೊಡನೆ ಒಂದು ಟ್ರಾನ್ಸಿಸ್ಟರ್ ತಾನು ಸೊನ್ನೆ ವೋಲ್ಟಿನಲ್ಲಿ ಹಿಡಿದಿಟ್ಟುಕೊಂಡ ವೈರನ್ನು ಬಿಟ್ಟುಬಿಡುತ್ತಿತ್ತು. ಹಾಗೆ ಬಿಟ್ಟ ವೈರನ್ನು ಐದು ವೋಲ್ಟಿಗೆ ಎತ್ತಲು ಅಕ್ಕಿಕಾಳಿನಷ್ಟು ಪುಟ್ಟದೊಂದು ರೆಸಿಸ್ಟರ್ ಇತ್ತು. ಅದು ಎತ್ತಿದರೆ ಬೋರ್ಡಿನ ಚಿಪ್ಪಿಗೆ ‘ನಿಲ್ಲಿಸು’ ಎಂದು ತಿಳಿಯುತ್ತದೆ. ವೈರು ಇಲಿ ಕಡಿದು ತುಂಡಾದರೂ ನಿಲ್ಲುತ್ತದೆ. ಕರೆಂಟು ಹೋದಾಗ ಬೋರ್ಡಿನ ಬ್ಯಾಟರಿ ಬಾಳಿಕೆ ಬರಲೆಂದು ಅವನು ಕಡಿಮೆ ಕರೆಂಟು ಕುಡಿಯುವ ನೂರು ಕಿಲೋ ಓಮಿನ, ಅಂದರೆ ನೂರು ಕೆ, ರೆಸಿಸ್ಟರನ್ನು ಆರಿಸಿದ್ದ. ಬೋರ್ಡು ಹಾಕಿದ ದಿನವೇ ಹತ್ತು ಸಲ ಎಳೆದು ನೋಡಿದರು; ಹತ್ತು ಸಲವೂ ನಿಂತಿತು. ಗುರುಪಾದಸ್ವಾಮಿ ಎಲ್ಲರಿಗೂ ಸಿಹಿ ಹಂಚಿದರು.

*

“ಒಂದಿನ ಬೆಳಿಗ್ಗೆ ಬೋರ್ಡು ತಕಂಡು ಅಡುಗೆ ಮನೆಗೇ ಬಂದ್ಬುಟ್ರು” ಎಂದಳು ಶಿವರತ್ನಮ್ಮ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

ಮಳೆಗಾಲ ಹಿಡಿದಿತ್ತಂತೆ. ಅಂಗಡಿಯಲ್ಲಿ ತೇವಕ್ಕೆ ಯಾವುದೋ ಪಂಪಿನ ಬೋರ್ಡು ಕೈಕೊಟ್ಟಿದ್ದು ಕಂಡು ಅವನಿಗೆ ಅನುಮಾನ ಬಂದಿತ್ತು. ಕುದಿಯುವ ಅನ್ನದ ಮುಚ್ಚಳ ತೆಗೆಸಿ, ಆವಿಯ ಮೇಲೆ ಕಾರ್ಖಾನೆಗೆ ಹಾಕಿದಂಥದೇ ಇನ್ನೊಂದು ಬೋರ್ಡು ಹಿಡಿದ. ಹಗ್ಗದ ಬದಲಿಗಿದ್ದ ಸ್ವಿಚ್ ಒತ್ತಿದರೆ ‘ನಿಲ್ಲಿಸು’ ಎಂಬ ಕೆಂಪು ದೀಪ ಹತ್ತಬೇಕಿತ್ತು. ಹತ್ತಲಿಲ್ಲ. ಒರೆಸಿ ಒಣಗಿಸಿದರೆ ಹತ್ತಿತು. ಮತ್ತೆ ಆವಿಗೆ ಹಿಡಿದರೆ ಇಲ್ಲ. ಒದ್ದೆ ಬೋರ್ಡಿನ ಮೇಲೆ ಕರೆಂಟು ಸೋರಿಹೋಗುತ್ತಿತ್ತು. ನೂರು ಕೆ ರೆಸಿಸ್ಟರಿಗೆ ಆ ವೈರನ್ನು ಎತ್ತುವ ಶಕ್ತಿ ಸಾಲುತ್ತಿರಲಿಲ್ಲ. ಹುರಿ ಹಾಕುವ ಕೋಣೆಯಲ್ಲಾದರೋ ಎಳೆ ತುಂಡಾಗದಿರಲೆಂದು ಸದಾ ತೇವ ಇರುವಂತೆ ನೋಡಿಕೊಳ್ಳುತ್ತಾರೆ.

“ಅನ್ನ ತಳ ಇಡೀತು. ಇವ್ರು ಉಣ್ಣಲೂ ಇಲ್ಲ, ಎದ್ದೋದ್ರು. ಎಲ್ಲಿಗೆ ಓದ್ರು ಅಂತ ಯೋಳ್ಲೇ ಇಲ್ಲ.”

“ನಮ್ಮತ್ರ ಬಂದ್ರು ಕಣಕ್ಕ” ಎಂದಳು ಕೆಂಪಾಜಮ್ಮ.

*

ಶಾಂತಮೂರ್ತಿ ನೇರವಾಗಿ ಬಂದು ಎಲ್ಲ ಮಿಷನ್‌ಗಳನ್ನೂ ನಿಲ್ಲಿಸಲು ಹೇಳಿದ. ಗುರುಪಾದಸ್ವಾಮಿ ಒಪ್ಪಲಿಲ್ಲ. ಶುಕ್ರವಾರಕ್ಕೆ ಮಾಲು ಕೊಡಬೇಕಿತ್ತು. ಭಾನುವಾರಗಳಲ್ಲಿ ಒಂದೊಂದಾಗಿ ಸರಿಮಾಡಿಕೊಳ್ಳೋಣ ಎಂದರು. ಇಲ್ಲಿಯವರೆಗೆ ಯಾರಿಗೂ ಏನೂ ಆಗಿಲ್ಲವಲ್ಲ ಎಂದೂ ಹೇಳಿದರು.

“ಆಗೋಗಂಟ ಕಾಯೋದಾ, ಸ್ವಾಮಿ?” ಎಂದು ಶಾಂತಮೂರ್ತಿ ಮೇನ್ ಸ್ವಿಚ್ಚನ್ನು ತಾನೇ ಇಳಿಸಿ, ಹೆಂಗಸರತ್ತ ತಿರುಗಿದ. “ತಪ್ಪು ನಂದು ಕಣ್ರವ್ವ. ಹಗ್ಗ ಐತೆ ಅಂತ ನಿಮ್ಗೆ ಧೈರ್ಯ ಯೋಳ್ದೋನು ನಾನೇ. ಈಗ ಅದ್ನ ನಂಬ್ಬೇಡಿ. ನಾ ಯೋಳೋಗಂಟ ಯಾರೂ ಮಿಷನ್ ಮುಟ್ಬೇಡಿ.”

ಅವನು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡು ದಿನ ಅವನು ನೆಲದ ಮೇಲೆ ಕೂತು ಹದಿನಾರು ಬೋರ್ಡಿಗೂ ನಾಲ್ಕೂ ಮುಕ್ಕಾಲು ಕೆ ಹತ್ತಿರದ, ಗಟ್ಟಿಯಾಗಿ ಎತ್ತುವ ರೆಸಿಸ್ಟರ್ ಬೆಸೆದ. ಪ್ರತಿ ಬೋರ್ಡಿನ ಮೇಲೂ ನೀರು ಚಿಮುಕಿಸಿದ. ಆ ಮಿಷನ್ನಿನ ಹೆಂಗಸಿನ ಕೈಯಲ್ಲೇ ಹಗ್ಗ ಎಳೆಸಿದ. ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ ಬೋರ್ಡನ್ನು ಒಣಗಿಸಿ, ತೇವ ತಾಗದಂತೆ ವಾರ್ನಿಷ್ ಬಳಿದು ಮುಂದಿನದಕ್ಕೆ ಸರಿದ.

ಅದಾದ ಎಂಟನೆಯ ದಿನ, ಜಡಿಮಳೆಯಲ್ಲಿ, ಕೆಂಪಾಜಮ್ಮನ ಸೆರಗು ಬೆಲ್ಟಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋದ ಕೈಯನ್ನೂ ಬೆಲ್ಟು ಸೆರಗಿನ ಜೊತೆ ಒಳಗೆಳೆಯತೊಡಗಿತು. ಪಕ್ಕದ ಮಹಾಲಕ್ಷ್ಮಮ್ಮ ಹಗ್ಗ ಜಗ್ಗಿದಳು. ಮಿಷನ್ ನಿಂತಿತು.

ಸಂಜೆ ಸುದ್ದಿ ತಿಳಿದು ಶಾಂತಮೂರ್ತಿ ಬಂದ. ಕೆಂಪಾಜಮ್ಮ ಕಾಲಿಗೆ ಬೀಳಲು ಹೋದರೆ ಹಿಂದೆ ಸರಿದು, ಮೊದಲು ತಪ್ಪು ಮಾಡಿದವನೇ ತಾನು ಎಂದ.

*

“ನಂಗೊಂದು ಮಾತೂ ಯೋಳ್ಲಿಲ್ಲ” ಎಂದಳು ಶಿವರತ್ನಮ್ಮ. ಅಳು ಆಗ ಬಂತು.

ಬಾಗಿಲಲ್ಲಿ ನಿಂತಿದ್ದ ಶಿವರುದ್ರಸ್ವಾಮಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಹೊರಗೆ ಹೋದರು.

ಮಧ್ಯಾಹ್ನ ಹೊಲದ ಬದಿಯಲ್ಲಿ ತೋಡಿದ ಗುಣಿಯಲ್ಲಿ ಶಾಂತಮೂರ್ತಿಯನ್ನು ಕೂರಿಸಿದರು. ಅಯ್ಯನೋರು ಮಂತ್ರ ಹೇಳಿ ಪತ್ರೆ ಹಾಕಿದರು. ಮನೆಯವರು ಮಣ್ಣು ಹಾಕಿದ ಮೇಲೆ ನೆಂಟರು ಮುಂದೆ ಬಂದಾಗ ಶಿವರುದ್ರಸ್ವಾಮಿ ಕೈ ಅಡ್ಡ ಹಿಡಿದರು.

“ಮೊದ್ಲು ಅವ್ರು ಆಕ್ಲಿ” ಎಂದು ದೂರದಲ್ಲಿ ಗುಂಪಾಗಿ ನಿಂತಿದ್ದ ಹೆಂಗಸರನ್ನು ಕರೆದರು.

ಒಬ್ಬೊಬ್ಬರಾಗಿ ಬಂದು ಅವರು ಮೂರು ಮೂರು ಹಿಡಿ ಮಣ್ಣು ಹಾಕಿದರು.

ಮನೆಗೆ ಮರಳಿದಾಗ ಬಾಗಿಲ ಬಳಿ ನೀರಿನ ಕೊಳಗ ಇಟ್ಟಿದ್ದರು. ಬೇರೆಯವರೆಲ್ಲ ತಾವೇ ಮೊಗೆದು ಕೈಕಾಲು ತೊಳೆದುಕೊಂಡರು. ಕೆಂಪಾಜಮ್ಮನ ಸರದಿ ಬಂದಾಗ ಶಿವರತ್ನಮ್ಮ ಎದ್ದು ಬಂದು ಚೊಂಬು ತೆಗೆದುಕೊಂಡಳು. ಕೆಂಪಾಜಮ್ಮ ಎರಡೂ ಕೈ ಚಾಚಿದಳು. ಶಿವರತ್ನಮ್ಮ ನೀರು ಹೊಯ್ಯುತ್ತ, ಹೆಬ್ಬೆರಳಿನಿಂದ ಮೊದಲುಮಾಡಿ ಒಂದೊಂದೇ ಬೆರಳನ್ನು ಹಿಡಿದು, ಉಗುರಿನ ಸಂದಿಯ ಮಣ್ಣು ಹೋಗುವವರೆಗೆ ತಿಕ್ಕಿ, ಹತ್ತನ್ನೂ ತೊಳೆದಳು.