ಗೋಡೆಗೆ ಅಂಟಿದ ಉಳಿ

ಆ ಬಿಸಿಲು ಅಲ್ಲಿಗೇ ಬೀಳಬೇಕೇ, ಕಿಟಕಿಯಿಂದ ಜಾರಿ ನೇರವಾಗಿ ಅಗಲ ಉಳಿಯ ಮೇಲೆ, ಬೇರೆ ದಿನವಾಗಿದ್ದರೆ ಅವಳು ಆಹಾ ಎಂದು ಫೋಟೋ ತೆಗೆದು ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಜೊತೆಗಾತಿಯರಿಗೆಲ್ಲ ಕಳಿಸಿ ಮೆರೆಯುತ್ತಿದ್ದಳು — ಈಗ ಸ್ಟೂಲಿನ ಮೇಲೆ ನಿಂತು, ಕೂದಲು ಒಣಗಿಸುವ ಡ್ರೈಯರನ್ನು ಅದೇ ಉಳಿಗೆ ಹಿಡಿದಿದ್ದಾಳೆ, ಬಿಸಿ ತಾಗಿದ್ರೆ ಅಂಟು ಬಿಡುತ್ತೆ ಕಣೇ ಎಂದದ್ದು ಗಂಡ, ಎಂದವನು ಮಗುವನ್ನು ಎದುರುಮನೆಗೆ ಬಿಟ್ಟು ಬಂದು ಸೋಫಾದಲ್ಲಿ ಕಾಲು ಚಾಚಿ ಚಹಾ ಹೀರುತ್ತಿದ್ದಾನೆ, ಹೇಳುವುದಕ್ಕೇನು ಕಷ್ಟ. ಬಿಡುತ್ತಿಲ್ಲ. ಇನ್ನೊಂದು ಗಂಟೆಗೆ ಅಪ್ಪ ಬರುತ್ತಾನೆ, ಅಣ್ಣನ ಕಾರಿನಲ್ಲಿ, ತನ್ನ ಉಪಕರಣಗಳ ಪೆಟ್ಟಿಗೆ ತೆಗೆದುಕೊಂಡು ಹೋಗಲು, ಪೆಟ್ಟಿಗೆಯೋ ಬಾಲ್ಕನಿಯಲ್ಲಿದೆ, ಅದರೊಳಗೆ ಮಣ್ಣು ತುಂಬಿ ಬಳ್ಳಿ ಹಬ್ಬಿಸಿದ್ದಾಳೆ, ಮತ್ತು ಪೆಟ್ಟಿಗೆಯೊಳಗೆ ಇದ್ದದ್ದೆಲ್ಲ ಇಲ್ಲಿದೆ, ಕಡುನೀಲಿ ಹಲಗೆಯ ಮೇಲೆ, ಐದು ಉಳಿ, ಒಂದು ಬಾಚಿ, ಮರ ನಯ ಮಾಡುವ ಕೀಸುಳಿ, ಕೊಡತಿ, ಸಣ್ಣ ಗರಗಸ, ಹಾರುವ ಹಕ್ಕಿಗಳ ಹಾಗೆ ಓರೆಯಾಗಿ, ಮೇಲೊಂದು ಪುಟ್ಟ ದೀಪ, ಕೆಳಗೆ ಪಿಂಗಾಣಿಯ ಎರಡು ಹೂದಾನಿ. ಎಂಥ ಕಣ್ಣು ಕಣಮ್ಮಾ ನಿಂದು ಎಂದಿದ್ದಳು ಎದುರುಮನೆಯಾಕೆ, ಎಲ್ಲಿ ಸಿಕ್ತು ಇವೆಲ್ಲ, ನಮ್ಮಪ್ಪಂದು, ಬಡಗಿಯಾಗಿದ್ರು. ಆಗಿದ್ರು. ಮೊದಲನೇ ದಿನದಿಂದಲೂ ಆಗಿದ್ರು ಎಂದೇ ಹೇಳಿದ್ದಾಳೆ, ಅಪ್ಪ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ರಬ್ಬರ್ ಚೆಂಡು ಹಿಸುಕುತ್ತಾ ಕೂತಿರುವಾಗ, ಬಡಗಿಯಾಗಿದ್ರು.

ನಿನ್ನೆ ಫೋನಿನಲ್ಲಿ ಅವನ ಮಾತು ಇನ್ನೂ ಸ್ವಲ್ಪ ಎಳೆಯುತ್ತಿತ್ತು, ಆದರೆ ನಗುತ್ತಿದ್ದ, ಎಂಟು ತಿಂಗಳಾದ ಮೇಲೆ ನಗುತ್ತಿದ್ದ, ಕೈ ಹಿಡೀತಿದೆ ಕಣಮ್ಮ, ಮೊನ್ನೆ ಲೋಟ ಹಿಡ್ದೆ, ಇವತ್ತು ಸುತ್ತಿಗೆ ಹಿಡ್ದೆ, ನಿಮ್ಮತ್ತಿಗೆ ಹೆದರಿಕೊಂಡು ದೂರ ನಿಂತ್ಕೊಂಡ್ಲು, ಸಣ್ಣದೊಂದು ಮಣೆ ಮಾಡ್ಬೇಕು ಅಂತಿದೀನಿ, ಪೆಟ್ಟಿಗೆ ನಿನ್ನ ಹತ್ರ ಇದ್ಯಂತಲ್ಲ, ಜೋಪಾನ ಮಾಡಿದೀಯಲ್ಲ, ಬೇರೆಯವರಾಗಿದ್ರೆ ಗುಜರಿಗೆ ಹಾಕ್ತಿದ್ರು. ಹೂಂ ಅಪ್ಪ, ಇದೆ. ಇದೆ ಎಂದೇನೋ ಹೇಳಿದ್ದಳು, ಸಂತೋಷ ಆಗಬೇಕಿತ್ತಲ್ಲವೇ, ಅಪ್ಪನ ಕೈ ಬಂತು ಎಂದು ಕುಣಿಯಬೇಕಿತ್ತಲ್ಲವೇ, ಅವಳಿಗೆ ಮೊದಲು ಬಂದ ಯೋಚನೆ ಅಯ್ಯೋ ಗೋಡೆ — ಎಂಥ ಮಗಳು ನೀನು, ಎಂಥ ಮಗಳು.

ಡ್ರೈಯರ್ ಕಾದು ವಾಸನೆ ಬರುತ್ತಿದೆ, ಆರಿಸು, ಎರಡು ನಿಮಿಷ ಬಿಡು, ಎಂದು ಗಂಡ, ಅವಳು ಆರಿಸಿ ಚಮಚದ ತುದಿಯನ್ನು ಹಿಡಿಯ ಸಂದಿಗೆ ತೂರಿಸುತ್ತಾಳೆ, ನೀಲಿ ಬಣ್ಣ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಈ ಹಿಡಿಯನ್ನೂ ಮರಳುಕಾಗದ ಹಾಕಿ ತಿಕ್ಕಿಸಿದ್ದಳು, ನಲವತ್ತು ವರ್ಷದ ಬೆವರಿಗೆ ಕಪ್ಪಾಗಿ ಅಪ್ಪನ ಅಂಗೈ ಕೂತಿದ್ದ ಜಾಗ ಚೂರು ತಗ್ಗಾಗಿತ್ತು, ಅದು ಕೊಳೆ ಎಂದುಕೊಂಡಿದ್ದಳು. ಚಿಕ್ಕವಳಿದ್ದಾಗ ಮರದ ಹೊಟ್ಟಿನ ಗುಡ್ಡೆಯ ಮೇಲೆ ಕೂತು ನೋಡುತ್ತಿದ್ದದ್ದು ಅದನ್ನೇ ಅಲ್ಲವೇ, ಅಪ್ಪ ಸಾಣೆಕಲ್ಲಿಗೆ ನೀರು ಚಿಮುಕಿಸಿ ಉಳಿ ಮಸೆದು, ಎತ್ತಿ ಬೆಳಕಿಗೆ ಹಿಡಿದು, ಆಮೇಲೆ ಹೆಬ್ಬೆರಳನ್ನು ಅಂಚಿಗೆ ಅಡ್ಡಡ್ಡ ಮೆಲ್ಲಗೆ ಸವರುತ್ತಿದ್ದ, ಕಣ್ಣು ಮುಚ್ಚಿ, ಏನೋ ಕೇಳಿಸಿಕೊಳ್ಳುವವನ ಹಾಗೆ, ಕೊಯ್ಯಲ್ವಾ ಅಪ್ಪ, ಕೊಯ್ಯೋಲ್ಲ ಮಗಳೇ, ಹರಿತ ಇದ್ಯಾ ಅಂತ ಕೇಳಿದ್ರೆ ಅದು ಕೊಯ್ಯೋಲ್ಲ. ಆ ಹೆಬ್ಬೆರಳಿನ ತುಂಬ ಕೂದಲೆಳೆಯಂಥ ಗೀರು. ಆಸ್ಪತ್ರೆಯಲ್ಲಿ ಉಳಿ ಹಿಡಿಯುತ್ತಿದ್ದ ಕೈ ಬಿಳಿ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು, ಚಿವುಟಿದರೂ ಗೊತ್ತಾಗದು, ಲಕ್ವ ಬಲಗಡೆಗೇ ಹೊಡೆದಿತ್ತು, ಡಾಕ್ಟರು ಏನೂ ಖಚಿತವಾಗಿ ಹೇಳೋಕಾಗಲ್ಲ ಎಂದರು, ಅವಳು ಮಾತ್ರ ಖಚಿತ ಮಾಡಿಕೊಂಡು ಬಂದಳು.

ಮತ್ತು ಆ ಹಾಸಿಗೆಯ ಪಕ್ಕದಲ್ಲೇ — ಅಲ್ಲಿಗೆ ಹೋಗಬೇಡ, ಅಲ್ಲಿಗೆ ಬೇಡ — ಅವನಿಗೆ ಮಾತು ಬಾರದ ಮೂರನೇ ದಿನ ಬಗ್ಗಿ ಕೇಳಿದ್ದಳು, ಅಪ್ಪ, ನಿನ್ನ ಪೆಟ್ಟಿಗೆ ನಾನು ತಗೊಳ್ಳಲಾ, ಅಪ್ಪ ಕಣ್ಣು ಮುಚ್ಚಿದ. ಅಷ್ಟೇ. ಹೂಂ ಅಂದಂತಾಯಿತು ಎಂದುಕೊಂಡಳು. ಔಷಧಿ ಮಂಪರಿನಲ್ಲಿದ್ದ ಮನುಷ್ಯ ಕಣ್ಣು ಮುಚ್ಚುವುದಿಲ್ಲವೇ, ಕಣ್ಣು ಮುಚ್ಚಿದ್ದಕ್ಕೆ ಹೂಂ ಎಂದರ್ಥ ಯಾವ ಊರಿನಲ್ಲಿ, ಅಣ್ಣ ಬಂದು ಗೋಡೆ ನೋಡಿ ಅಪ್ಪನೇ ಕೊಟ್ಟಿದ್ದಾ ಎಂದಾಗ ಮುಖ ತಿರುಗಿಸದೆ ಹೂಂ, ಅಪ್ಪನೇ ಕೊಟ್ಟಿದ್ದು. ಆ ಗೋಡೆ ಬರಿದಾಗಿತ್ತು ಅಷ್ಟೇ, ಹೊಸ ಮನೆ, ಪರದೆ ಬಂತು, ದೀಪ ಬಂತು, ಹೂದಾನಿ ಬಂತು, ಆ ಗೋಡೆಯೊಂದು ಬೋಳಾಗಿ ಕಣ್ಣಿಗೆ ಹೊಡೆಯುತ್ತಿತ್ತು, ಅವಳಿಗೆ ಅಲ್ಲಿಗೆ ಏನಾದರೂ ಬೇಕಿತ್ತು. ಇವನ್ನೆಲ್ಲ ಹಲಗೆಗೆ ಅಂಟಿಸಿಕೊಟ್ಟ ಮನೆ ಅಲಂಕಾರದ ಅಂಗಡಿಯವನು ಕೇಳಿದ್ದ, ಮೇಡಂ, ಮನೇಲಿ ಪುಟ್ಟ ಮಗು ಇದೆ ಅಂತೀರಾ, ಇವು ಇನ್ನೂ ಹರಿತವಾಗಿವೆ, ಮೊಂಡು ಮಾಡ್ಲಾ, ಮಾಡಿ ಎಂದಳು, ಯಂತ್ರಕ್ಕೆ ಹಿಡಿದಾಗ ಕಿಡಿ ಹಾರಿತು, ಚೆನ್ನಾಗಿ ಹಾರಿತು, ಅದನ್ನೂ ವಿಡಿಯೋ ಮಾಡಿಕೊಂಡಳು, ಮೇಲೆ ಎರಡು ಕೋಟು ವಾರ್ನಿಷ್.

ಚಟ್ ಎಂದಿತು, ಅಗಲ ಉಳಿ ಹಲಗೆಯ ಒಂದು ಸಿಬಿರನ್ನೂ ಕಿತ್ತುಕೊಂಡು ಕೈಗೆ ಬಂತು, ಒಂದೇ ಒಂದು, ಉಳಿದ ಎಂಟು ಜಪ್ಪಯ್ಯ ಎಂದರೂ ಬಿಡವು, ಅಷ್ಟರಲ್ಲಿ ಬಾಗಿಲ ಗಂಟೆ, ಇಷ್ಟು ಬೇಗ ಯಾಕೆ ಬಂದರು, ಗಂಡ ಬಾಗಿಲು ತೆರೆದ, ಬನ್ನಿ ಮಾವ ಬನ್ನಿ, ಅಪ್ಪ ಕೋಲೂರಿಕೊಂಡು ಒಳಗೆ, ಹಿಂದೆ ಅಣ್ಣ ಕೀಲಿಗೊಂಚಲು ಆಡಿಸುತ್ತಾ, ಅವಳು ಸ್ಟೂಲಿನ ಮೇಲೆ, ಕೈಯಲ್ಲಿ ಉಳಿ, ಕಳ್ಳಿ ಸಿಕ್ಕಿಬಿದ್ದ ಹಾಗೆ. ಅಪ್ಪ ಗೋಡೆ ನೋಡಿದ. ತುಂಬ ಹೊತ್ತು ನೋಡಿದ. ಬೈಯಲಿ, ದೇವರೇ, ಒಂದು ಸಲ ಬಾಯಿತುಂಬ ಬೈಯಲಿ. ಎಲ್ಲಾ ಇದಾವೆ, ಒಂದೂ ಕಳೆದಿಲ್ಲ, ಎಂದ. ದೀಪ ಬೇರೆ ಹಾಕಿದೀಯ. ಕಾರಲ್ಲಿ ನಿಮ್ಮಣ್ಣ ಹೇಳ್ದ, ನಾನೇ ಕೊಟ್ನಂತೆ, ಕೊಟ್ಟಿದ್ದೇ ಮರೆತುಬಿಟ್ಟಿದೀನಿ ನೋಡು, ಆಸ್ಪತ್ರೆ ದಿನದ್ದು ಏನೂ ನೆನಪಿಲ್ಲ ನಂಗೆ. ಕೊಟ್ಟ ವಸ್ತು ವಾಪಸ್ ಕೇಳಿ ನಿನ್ನ ಪೇಚಿಗೆ ಸಿಕ್ಕಿಸ್ದೆ. ಕೀಳಬೇಡ ಬಿಡಮ್ಮ, ಇಷ್ಟು ಚಂದ ಮಾಡ್ಕೊಂಡಿದೀಯ, ತಪ್ಪು ನಂದೇ.

ತಪ್ಪು ನಂದೇ ಎನ್ನುತ್ತಿದ್ದಾನೆ, ಅವಳ ಸುಳ್ಳನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ನಿಂತಿದ್ದಾನೆ, ಅವಳು ಸುಮ್ಮನಿದ್ದರೆ ಸಾಕು, ಊಟಕ್ಕೆ ಏಳಿ ಎಂದರೆ ಸಾಕು, ಮುಗಿಯಿತು, ಗೋಡೆ ಉಳಿಯಿತು, ಹೆಸರೂ ಉಳಿಯಿತು — ಅದೊಂದು ಕೊಡಿಲ್ಲಿ, ಎಂದು ಅಪ್ಪ ಕೈ ಚಾಚಿದ, ಬಲಗೈ, ನಡುಗುತ್ತಿದೆ, ಆದರೂ ಬೆರಳು ಒಂದೊಂದಾಗಿ ಮಡಿಚಿಕೊಂಡು ಹಿಡಿಯನ್ನು ಹಿಡಿದವು, ಗಟ್ಟಿಯಾಗಿ ಹಿಡಿದವು, ಅಣ್ಣ ನೋಡ್ದ್ಯಾ ಎಂದು ನಕ್ಕ. ಎಡಗೈಯ ಹೆಬ್ಬೆರಳು ಅಂಚಿಗೆ ಬಂತು. ಅಡ್ಡಡ್ಡ, ಮೆಲ್ಲಗೆ, ಕಣ್ಣು ಮುಚ್ಚಿ. ನಿಂತಿತು. ಮತ್ತೆ ಸವರಿತು. ನೀನು ಕೊಟ್ಟಿಲ್ಲ ಅಪ್ಪ, ಎಂದಳು, ದನಿ ತನ್ನದಲ್ಲವೇನೋ ಎನ್ನುವ ಹಾಗೆ, ನಾನೇ ತಗೊಂಡೆ, ಇನ್ನು ನಿನ್ನ ಕೈ ಬರಲ್ಲ ಅಂದ್ಕೊಂಡೆ, ಮೊಂಡು ಮಾಡ್ಸಿದ್ದೂ ನಾನೇ. ಅಣ್ಣನ ಕೀಲಿಗೊಂಚಲು ನಿಂತಿತು. ಅಪ್ಪ ಕಣ್ಣು ತೆರೆಯಲಿಲ್ಲ, ಹೆಬ್ಬೆರಳು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಮೆಲ್ಲಗೆ, ಇನ್ನೂ ಮೆಲ್ಲಗೆ, ಎಲ್ಲಾದರೂ ಒಂದು ಚೂರು ಉಳಿದಿದೆಯೇನೋ ಎಂದು ಹುಡುಕುತ್ತಾ, ಈ ತುದಿಯಿಂದ ಆ ತುದಿಗೆ