ಎಡತೋಳಿನವಳ ಎಪ್ಪತ್ತು ಕಿಲೋಮೀಟರು

ಮಗಳು ಅಮ್ಮನ ಎರಡನೇ ಬೂಟಿನ ದಾರ ಬಿಗಿಯುತ್ತಿದ್ದಳು. ಎಡಗಾಲಿನದು ಸುಲಭವಾಗಿ ಏರಿತ್ತು, ಬಲಗಾಲು ಮಾತ್ರ ಹಟ ಹಿಡಿದಿತ್ತು. ಅಮ್ಮ ಬದುಕಿದ್ದಾಗಲೂ ಆ ಕಾಲಿನ ಬುದ್ಧಿ ಅಷ್ಟೇ. ಹೆಬ್ಬೆರಳಿನ ಉಗುರು ಎರಡು ಸಲ ಕಪ್ಪಾಗಿ ಉದುರಿ, ಮೂರನೇ ಸಲ ಬೆಳೆಯುವ ಗೋಜಿಗೇ ಹೋಗಿರಲಿಲ್ಲ. ಬೂಟಿನ ಅಡಿಯಲ್ಲಿ ಬೆಟ್ಟದ ಕೆಮ್ಮಣ್ಣು ಇನ್ನೂ ಅಂಟಿಕೊಂಡಿತ್ತು. ಅದನ್ನು ಒರೆಸಲೆಂದು ಅಪ್ಪ ಒದ್ದೆ ಬಟ್ಟೆ ತಂದುಕೊಟ್ಟಿದ್ದರು. ಮಗಳು ಅದನ್ನು ಕಿಟಕಿಯ ಮೇಲಿಟ್ಟು, ಮರೆತವಳ ಹಾಗೆ ನಟಿಸಿದ್ದಳು.

ದೊಡ್ಡಪ್ಪ ಬಾಗಿಲಿಗೆ ಬಂದು ನಿಂತರು. ಮೂವತ್ತು ವರ್ಷ ಹೆಡ್‌ಮಾಸ್ತರಾಗಿದ್ದವರು. ನಿವೃತ್ತರಾಗಿ ಹತ್ತು ವರ್ಷವಾದರೂ ಯಾವ ಕೋಣೆಗೆ ಕಾಲಿಟ್ಟರೂ ಹಾಜರಿ ತೆಗೆದುಕೊಳ್ಳುವವರಂತೆ ಒಮ್ಮೆ ಸುತ್ತ ನೋಡುತ್ತಿದ್ದರು.

“ಏನಮ್ಮಾ ಇದು? ಎಲ್ಲಿಗೆ ಹೊರಟಿದ್ದಾಳೆ ಅಂತ ಬೂಟು?”

“ಎಲ್ಲಿಗಾದ್ರೂ ಹೋಗ್ಲಿ ದೊಡ್ಡಪ್ಪ. ಬರಿಗಾಲಲ್ಲಿ ಮಾತ್ರ ಕಳಿಸಲ್ಲ.”

ದೊಡ್ಡಪ್ಪ ಜೇಬು ಮುಟ್ಟಿ ನೋಡಿಕೊಂಡರು. ಅದರಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆಯಿತ್ತು. ಸ್ಮಶಾನದ ಸಭಾಂಗಣದಲ್ಲಿ ಸತ್ತವಳ ಬಗ್ಗೆ ನಾಲ್ಕು ಮಾತು ಆಡುವ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿರಲಿಲ್ಲ, ಅವರೇ ಒಪ್ಪಿಸಿಕೊಂಡಿದ್ದರು. ಹನ್ನೊಂದರಿಂದ ಹನ್ನೊಂದೂವರೆಯ ತನಕ ಸಭಾಂಗಣ ಇವರದು, ಆಮೇಲೆ ಬೇರೊಂದು ಮನೆಯವರದು. ಅದರಲ್ಲಿ ಒಂದು ನಿಮಿಷವೂ ಹೆಚ್ಚುಕಮ್ಮಿ ಆಗದಂತೆ ಎರಡು ಸಲ ಓದಿ ನೋಡಿಕೊಂಡಿದ್ದೇನೆ ಎಂದು ಹೇಳಿದರು.

ಮಗಳ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಬೆಳಿಗ್ಗೆ ಏಳಕ್ಕೆ ಅಪರಿಚಿತನೊಬ್ಬ ಫೋನ್ ಮಾಡಿದ್ದ. ಅಮ್ಮ ಓಡಿದ ಕೊನೆಯ ದೊಡ್ಡ ಓಟದಲ್ಲಿ ತಾನು ಕೆಲಸ ಮಾಡಿದವನು, ದೂರದಿಂದ ಬರುತ್ತಿದ್ದೇನೆ, ಬಸ್ಸು ತಡವಾಗಬಹುದು, ಆದರೆ ತಾನು ಒಂದು ಮಾತು ಹೇಳುವ ತನಕ ಅವರನ್ನು ಮಣ್ಣಿಗೆ ಕಳಿಸಬೇಡಿ ಎಂದಿದ್ದ.  ಆ ಓಟದ ವಿಷಯದಲ್ಲೇ ಮಗಳು ಅಮ್ಮನನ್ನು ಸುಳ್ಳುಗಾತಿ ಎಂದಿದ್ದಳು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

*

ಹದಿನಾಲ್ಕು ವರ್ಷಗಳ ಹಿಂದೆ ಒಂದು ಸೋಮವಾರ ಬಸ್ಸಿನವರು ಮುಷ್ಕರ ಹೂಡಿದರು. ಅಮ್ಮ ಕೆಲಸ ಮಾಡುತ್ತಿದ್ದ ಬಟ್ಟೆ ಕಾರ್ಖಾನೆ ಬೆಟ್ಟದ ಆಚೆ ಬದಿಗಿತ್ತು. ಅಲ್ಲಿ ನಲವತ್ತು ಹೊಲಿಗೆ ಯಂತ್ರಗಳ ಒಂದೇ ಸಾಲು. ಒಬ್ಬಳು ಕಾಲರು, ಒಬ್ಬಳು ಜೇಬು, ಒಬ್ಬಳು ಗುಂಡಿ. ಅಮ್ಮನದು ಎಡತೋಳು. ಪಕ್ಕದ ಯಂತ್ರದವಳದು ಬಲತೋಳು. ಸಾಲಿನಲ್ಲಿ ಯಾರಿಗೂ ಹೆಸರಿಲ್ಲ, ಎಡತೋಳು ಬಂದಳಾ, ಕಾಲರು ಎಲ್ಲಿ ಸತ್ತಳು ಎಂದೇ ಮಾತು. ಎಡತೋಳು ಬಾರದಿದ್ದರೆ ಇಡೀ ಸಾಲು ನಿಲ್ಲುತ್ತಿತ್ತು. ಅದಕ್ಕೇ ಅಮ್ಮ ಆ ದಿನ ಚಪ್ಪಲಿ ಕೈಯಲ್ಲಿ ಹಿಡಿದು ಬೆಟ್ಟ ಹತ್ತಿದಳು. ಹನ್ನೊಂದು ಕಿಲೋಮೀಟರು. ಮೊದಲು ನಡೆದಳು, ಆಮೇಲೆ ಗಡಿಯಾರ ನೋಡಿ ಓಡಿದಳು. ಸೈರನ್ ಕೂಗಲು ನಾಲ್ಕು ನಿಮಿಷ ಇರುವಾಗ ಗೇಟು ದಾಟಿದಳು. ಆಗ ಅವಳಿಗೆ ನಲವತ್ತನಾಲ್ಕು ವರ್ಷ.

ಮಾರನೇ ದಿನ ಬಸ್ಸುಗಳು ಬಂದವು. ಅಮ್ಮ ಹತ್ತಲಿಲ್ಲ.

ಊರು ಮೂಗು ಮುರಿಯಿತು. ಗಂಡನ ಮೇಲಿನ ಸಿಟ್ಟಿಗೆ ಓಡುತ್ತಾಳೆ ಎಂದರು ಕೆಲವರು. ಸಕ್ಕರೆ ಕಾಯಿಲೆ ಇರಬೇಕು ಎಂದರು ಇನ್ನು ಕೆಲವರು. ವಯಸ್ಸಾಗುವ ಹೊತ್ತಿಗೆ ಹೆಂಗಸರಿಗೆ ಹೀಗೆಲ್ಲ ಆಗುತ್ತದೆ ಎಂದು ದೊಡ್ಡಪ್ಪ ಎಲ್ಲರಿಗೂ ತಿಳಿಹೇಳಿದರು. ಹನ್ನೊಂದು ಇಪ್ಪತ್ತೈದಾಯಿತು, ಇಪ್ಪತ್ತೈದು ಐವತ್ತಾಯಿತು. ರಜೆ ಬಂದರೆ ಸಾಕು, ಕಾಡುದಾರಿಯ ಓಟ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುತ್ತಿದ್ದಳು. ಹೋದಲ್ಲೆಲ್ಲ ಕಟ್ಟಕಡೆಗೆ ಬರುತ್ತಿದ್ದಳು, ಅಥವಾ ಅದಕ್ಕಿಂತ ಒಂದು ಸ್ಥಾನ ಮುಂದೆ. ಅದರ ಬಗ್ಗೆ ಅವಳಿಗೆ ಕಿಂಚಿತ್ತೂ ಬೇಸರವಿರಲಿಲ್ಲ.

ಒಂದು ಸಂಜೆ ಅಮ್ಮ ಬ್ಲೇಡಿನಲ್ಲಿ ಬೂಟಿನ ಮುಂಭಾಗವನ್ನು ಬೆರಳಿನ ಅಳತೆಗೆ ಕತ್ತರಿಸುತ್ತಿದ್ದಾಗ ಮಗಳು ಕೇಳಿದಳು. “ಯಾಕಮ್ಮಾ ಇಷ್ಟೊಂದು ಸಾಯ್ತೀಯ?”

ಅಮ್ಮ ಬ್ಲೇಡು ಕೆಳಗಿಟ್ಟಳು. “ಬರೀ ಎಡತೋಳು ಹೊಲಿದಿದೀನಿ ಕಣೇ, ಹನ್ನೆರಡು ವರ್ಷದಿಂದ. ಒಂದು ಪೂರ್ತಿ ಅಂಗಿ ತೋರಿಸಿ, ಇದು ನಾನು ಮಾಡಿದ್ದು ಅನ್ನೋಕಾಗಲ್ಲ. ಮನೆಯಲ್ಲೂ ಅಷ್ಟೇ, ನಾನು ಶುರು ಮಾಡಿದ್ದಕ್ಕೆ ನಿಮ್ಮಪ್ಪ ಕೈ ಹಾಕ್ತಾರೆ, ನಿಮ್ಮ ದೊಡ್ಡಪ್ಪ ಬಾಯಿ ಹಾಕ್ತಾರೆ. ಬೆಟ್ಟದಲ್ಲಿ ಹಾಗಿಲ್ಲ. ಆ ಬುಡದಿಂದ ಈ ಬುಡದ ತನಕ ಬೇರೆಯವರ ಒಂದು ಹೊಲಿಗೆ ಇರಲ್ಲ.”

ಇಷ್ಟು ಹೇಳಿ ಮತ್ತೆ ಬ್ಲೇಡು ಎತ್ತಿಕೊಂಡಳು.

*

ಸ್ಮಶಾನದ ಆವರಣ ದೊಡ್ಡದು. ಒಳಗೆ ನಾಲ್ಕು ಸಭಾಂಗಣಗಳು, ನಾಲ್ಕೂ ಒಂದೇ ಬೂದು ಬಣ್ಣ, ನಡುವೆ ಕವಲೊಡೆಯುವ ಸಿಮೆಂಟು ದಾರಿಗಳು. ಅಮ್ಮನ ಓಟದ ಗೆಳೆಯರು ಬೆಳಿಗ್ಗೆಯೇ ಬಂದು ಗೇಟಿನಿಂದ ಮೂರನೇ ಸಭಾಂಗಣದ ಬಾಗಿಲ ತನಕ ಕಂಬಕ್ಕೊಂದು, ಗಿಡಕ್ಕೊಂದು ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿದ್ದರು. ಕಾಡಿನಲ್ಲಿ ದಾರಿ ತೋರಿಸುವುದು ಹೀಗೆಯೇ. ಒಂದು ರಿಬ್ಬನ್ ದಾಟಿದ ಮೇಲೆ ಮುಂದಿನದನ್ನು ಕಣ್ಣು ತಾನಾಗಿ ಹುಡುಕುತ್ತದೆ.

ಅವರು ಆರು ಜನ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಮಗಳಿಗೆ ಅವರ ಪರಿಚಯ ಅಷ್ಟಕ್ಕಷ್ಟೇ. ಒಬ್ಬರು ಬ್ಯಾಂಕಿನವರು, ಮದುವೆ ಮುರಿದ ವರ್ಷ ಓಡಲು ಶುರುಮಾಡಿದರಂತೆ, ಈಗ ಎರಡನೇ ಮದುವೆಯಾದರೂ ನಿಲ್ಲಿಸಿಲ್ಲ. ಒಬ್ಬಾಕೆ ನರ್ಸು, ವಾರ್ಡಿನಲ್ಲಿ ಸಾಲದ ಉಸಿರು ಬೆಟ್ಟದಲ್ಲಿ ಸಿಗುತ್ತದೆ ಎಂದಳು. ಒಬ್ಬನಂತೂ ಫೋಟೋಗೋಸ್ಕರ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡ. ನಿಮ್ಮ ಅಮ್ಮ ಯಾಕೆ ಓಡ್ತಾರೆ ಅಂತ ನಮಗೂ ಗೊತ್ತಿರಲಿಲ್ಲ, ಆದರೆ ಅವರು ಹಿಂದೆ ಬರ್ತಿದ್ದಾರೆ ಅನ್ನೋದೇ ಒಂದು ಧೈರ್ಯವಾಗಿತ್ತು ಎಂದಳು ನರ್ಸು.

ಕಾರ್ಖಾನೆಯ ಸಾಲಿನವರಿಗೆ ಅನುಮತಿ ಸಿಕ್ಕಿದ್ದು ತಡವಾಗಿತ್ತು. ವ್ಯಾನಿನಲ್ಲಿ ಹೊರಟಿದ್ದೇವೆ ಎಂದು ಬಲತೋಳಿನವಳು ಫೋನ್ ಮಾಡಿದ್ದಳು. ಹನ್ನೊಂದು ಹತ್ತಾಯಿತು. ಅವರೂ ಇಲ್ಲ, ಬೆಳಗಿನ ಫೋನಿನವನೂ ಇಲ್ಲ. ಸಭಾಂಗಣದ ಗುಮಾಸ್ತೆ, ದಪ್ಪ ಕನ್ನಡಕದ ಹೆಂಗಸು, ಗೋಡೆ ಗಡಿಯಾರದ ಕೆಳಗೆ ನಿಂತು ದೊಡ್ಡಪ್ಪನ ಕಡೆಗೆ ಕತ್ತು ಆಡಿಸಿದಳು. ದೊಡ್ಡಪ್ಪ ಹಾಳೆ ಬಿಡಿಸಿದರು.

ಕೆಟ್ಟ ಮಾತೇನೂ ಅವರು ಬರೆದಿರಲಿಲ್ಲ. ತಮ್ಮನ ಹೆಂಡತಿ ಕಷ್ಟಜೀವಿ, ಕಾಲಿಗೆ ಚಕ್ರ ಕಟ್ಟಿಕೊಂಡವಳು, ಡಾಕ್ಟರು ಎರಡು ತಿಂಗಳ ಗಡುವು ಕೊಟ್ಟರೆ ಐದು ತಿಂಗಳು ಎಳೆದವಳು ಎಂದೆಲ್ಲ ಓದಿದರು. ಬೆಂಚುಗಳಲ್ಲಿ ಸಣ್ಣ ನಗೆಯೂ ಎದ್ದಿತು. ಆಮೇಲೆ ಅವರು ಹಾಳೆ ತಿರುಗಿಸಿದರು.

“ಆಕೆಯ ದೊಡ್ಡ ಆಸೆ ಎಪ್ಪತ್ತು ಕಿಲೋಮೀಟರಿನ ಆ ಓಟವನ್ನು ಮುಗಿಸುವುದಾಗಿತ್ತು. ಅದು ಕೈಗೂಡಲಿಲ್ಲ. ಆದರೆ ಆಸೆಪಡುವುದೂ ದೊಡ್ಡದೇ…”

ಮಗಳು ತಲೆ ತಗ್ಗಿಸಿದಳು.

*

ಹೋದ ವರ್ಷದ ಹಿಂದಿನ ವರ್ಷ, ಓಟ ಮುಗಿಸಿ ಬಂದ ಮಾರನೇ ದಿನ, ಅಮ್ಮ ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಅನ್ನ ಉಣ್ಣುತ್ತಿದ್ದಳು. ಮುಗಿಸಿದೆ ಎಂದು ಒಂದೇ ಮಾತು ಹೇಳಿದ್ದಳು. ಪದಕ ಎಲ್ಲಿ ಎಂದರೆ ಖಾಲಿಯಾಗಿತ್ತು ಎಂದಳು. ದೊಡ್ಡಪ್ಪ ಮೊಬೈಲಿನಲ್ಲಿ ಫಲಿತಾಂಶದ ಪಟ್ಟಿ ಹುಡುಕಿದರು. ಅಮ್ಮನ ಸಂಖ್ಯೆ ಕಟ್ಟಕಡೆಯಲ್ಲಿತ್ತು. ಪಕ್ಕದಲ್ಲಿ: ‘ನಡುವೆ ಬಿಟ್ಟವರು’.

ದೊಡ್ಡಪ್ಪ ಮೀಸೆಯಡಿ ನಕ್ಕರು. ಅಂದಿನಿಂದ ಮನೆಯಲ್ಲಿ ಯಾರು ಏನನ್ನೇ ಅರ್ಧಕ್ಕೆ ಬಿಟ್ಟರೂ, ಮುಗಿಸಿದ್ಯಾ ಅಥವಾ ನಿನ್ನ ಚಿಕ್ಕಮ್ಮನ ಥರ ಮುಗಿಸಿದ್ಯಾ ಎನ್ನುವುದು ತಮಾಷೆಯಾಯಿತು. ಮಗಳಿಗೆ ಆ ತಮಾಷೆ ಸಹಿಸಲಾಗಲಿಲ್ಲ. ಆದರೆ ಅವಳು ಸಿಟ್ಟು ತೋರಿಸಿದ್ದು ಅಮ್ಮನ ಮೇಲೆ.

“ಸುಳ್ಳು ಯಾಕೆ ಹೇಳ್ತೀಯಮ್ಮಾ? ಓಡೋಕಾಗ್ಲಿಲ್ಲ ಅಂದ್ರೆ ಆಗ್ಲಿಲ್ಲ ಅನ್ನು. ನೀನು ಮುಗಿಸಿದ್ರೆಷ್ಟು ಬಿಟ್ರೆಷ್ಟು, ಯಾರಿಗೆ ಬೇಕಾಗಿದೆ?”

“ನಂಗೆ ಬೇಕಾಗಿತ್ತು,” ಎಂದಳು ಅಮ್ಮ. “ಮುಗಿಸಿದೆ. ನಂಬೋದು ಬಿಡೋದು ನಿಂಗೆ ಬಿಟ್ಟಿದ್ದು.”

ತಟ್ಟೆಯಲ್ಲಿದ್ದ ಅನ್ನವನ್ನು ಒಂದಗುಳೂ ಬಿಡದೆ ಉಂಡಳು. ಆ ವಿಷಯಕ್ಕೆ ಮತ್ತೆಂದೂ ಬಾಯಿ ತೆರೆಯಲಿಲ್ಲ.

*

“ಕೈಗೂಡಿತ್ತು,” ಎಂದು ಬಾಗಿಲ ಕಡೆಯಿಂದ ಯಾರೋ ಹೇಳಿದರು.

ಐವತ್ತು ದಾಟಿದ, ಕುಂಟು ಹೆಜ್ಜೆಯ ಗಂಡಸು. ಬೆವರಿನಿಂದ ಅಂಗಿ ಬೆನ್ನಿಗಂಟಿತ್ತು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಕಿತ್ತಳೆ ರಿಬ್ಬನ್ನುಗಳ ಒಂದು ಕಂತೆ. ಮಂಡಿ ಕೆಟ್ಟು ಓಟ ಬಿಟ್ಟ ಮೇಲೆ ತನಗೆ ಉಳಿದದ್ದು ಒಂದೇ ಕೆಲಸ ಎಂದು ಅವನು ಹೇಳಿದ. ಎಲ್ಲರಿಗಿಂತ ಹಿಂದೆ, ಕೊನೆಯ ಓಟಗಾರನ ಬೆನ್ನಿಗೆ ನಡೆಯುತ್ತ, ಕಟ್ಟಿದ ರಿಬ್ಬನ್ನುಗಳನ್ನು ಬಿಚ್ಚಿಕೊಂಡು ಬರುವುದು. ಆ ದಿನ ಐವತ್ತೆರಡನೇ ಕಿಲೋಮೀಟರಿನ ಡೇರೆಯಲ್ಲಿ, ನೀಲಿ ಅಂಗಿಯ ಹೆಂಗಸು ಸಾಕೆಂದು ವ್ಯಾನು ಹತ್ತಿದಳು ಎಂದು ಯಾರೋ ಹೇಳಿದರು. ನೀಲಿ ಅಂಗಿಯವರು ಇಬ್ಬರಿದ್ದರು. ಅಮ್ಮ ಡೇರೆಯ ಹಿಂದೆ ಕೂತು ಕಾಲುಚೀಲ ಬದಲಿಸುತ್ತಿದ್ದಳು. ಹಿಂದೆ ಯಾರೂ ಇಲ್ಲವೆಂದುಕೊಂಡು ಅವನು ಅವಳಿಗಿಂತ ಮುಂದೆ ಹೊರಟ, ಹದಿನೆಂಟು ಕಿಲೋಮೀಟರಿನ ರಿಬ್ಬನ್ನುಗಳನ್ನೂ ಬಿಚ್ಚಿಕೊಂಡು ಹೋದ. ಎಲ್ಲರೂ ಬಂದಾಯಿತು ಎಂದ. ಐದು ಗಂಟೆಗೇ ಓಟ ಮುಗಿಯುವ ಜಾಗದ ಕಮಾನು ಇಳಿಸಿ ಮೇಜು ಮಡಚಿದರು. ಗಡುವು ಆರರ ತನಕ ಇತ್ತು.

“ಕೋಲು ಮರೆತಿದ್ದೆ ಅಂತ ವಾಪಸ್ ಹೋದೆ,” ಎಂದ ರಿಬ್ಬನ್ನಿನವನು. “ಐದು ನಲವತ್ತು. ಖಾಲಿ ಮೈದಾನ. ಕಮಾನಿನ ಗೂಟ ಕಿತ್ತ ಎರಡು ಗುಳಿ ಇದ್ವು, ಅವೆರಡರ ಮಧ್ಯೆ ದಾಟಿ ಬಂದು ಕೂತ್ರು. ನಾನು ನೋಡಿದೆ. ನಾನೊಬ್ಬನೇ ನೋಡಿದ್ದು.”

ಅವನು ಊರುಗೋಲನ್ನು ಬಾಗಿಲಿಗೆ ಒರಗಿಸಿದ.

“ದಾರಿ ಹೇಗೆ ಸಿಕ್ತು ಅಂತ ಕೇಳಿದೆ. ಹೊಲಿಗೆ ಬಿಚ್ಚಿದ ಬಟ್ಟೆಯಲ್ಲಿ ಸೂಜಿ ಗುರುತು ಉಳಿಯುತ್ತಲ್ಲ, ಹಾಗೇ ಗಂಟು ಬಿಚ್ಚಿದ ಕೊಂಬೆಯಲ್ಲಿ ಎಲೆ ನಲುಗಿರುತ್ತೆ, ಅದನ್ನ ನೋಡ್ಕೊಂಡು ಬಂದೆ ಅಂದ್ರು.” ಅವನು ಪೆಟ್ಟಿಗೆಯ ಕಡೆ ತಿರುಗಿದ. “ಹೇಳಬೇಡಿ ಅಂತ ಕೈ ಮುಗಿದೆ. ಕಾಡಲ್ಲಿ ಒಬ್ಬರನ್ನ ಬಿಟ್ಟು ಬಂದವನಿಗೆ ಆ ಕೆಲಸ ಮತ್ತೆ ಯಾರೂ ಕೊಡಲ್ಲ. ಹೇಳಲ್ಲ ಹೋಗು, ಆದರೆ ಮುಂದಿನ ವರ್ಷ ನನ್ನ ಹಿಂದೆ ಎರಡೇ ಹೆಜ್ಜೆಯಲ್ಲಿ ಬರಬೇಕು, ತುಟಿ ಬಿಚ್ಚಬಾರದು ಅಂದ್ರು. ಮುಂದಿನ ವರ್ಷ ಅವರು ಬರಲಿಲ್ಲ.”

ಮಗಳಿಗೆ ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಆ ನಾಚಿಕೆಯ ಬೆನ್ನಿಗೇ ಹೆಮ್ಮೆ ಉಕ್ಕಿತು, ಎಂಥ ಹಟಮಾರಿ ನೀನು ಎಂದು ಪೆಟ್ಟಿಗೆಯೊಳಗಿನವಳನ್ನು ಬೈಯಬೇಕೆನಿಸಿತು. ಎಂಥವನಿಗೋ ಕೊಟ್ಟ ಮಾತಿಗಾಗಿ ಸ್ವಂತ ಮಗಳ ಬಾಯಲ್ಲಿ ಸುಳ್ಳುಗಾತಿ ಅನ್ನಿಸಿಕೊಂಡು ಅನ್ನ ಉಂಡಿದ್ದಳು. ಅಪ್ಪ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದರು.

ಆಗ ಮಗಳ ಕಣ್ಣು ರಿಬ್ಬನ್ನಿನವನ ಕೈಯ ಕಂತೆಯ ಮೇಲೆ ಬಿತ್ತು.

“ಈ ರಿಬ್ಬನ್ ಎಲ್ಲಿಂದ ತಂದ್ರಿ?”

ಅವನು ಕಂತೆಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಗೇಟಿನಿಂದ ಬರುವಾಗ ತಡವಾಗಿತ್ತು, ಹಿಂದೆ ಯಾರೂ ಕಾಣಲಿಲ್ಲ, ಕೈ ತಾನಾಗಿ ಬಿಚ್ಚುತ್ತ ಬಂದಿತ್ತು. “ನಾನೇ ಕೊನೆಯವನು ಅಂದ್ಕೊಂಡೆ,” ಎಂದ ಅವನು, ಮತ್ತು ತನ್ನ ಮಾತು ಕೇಳಿ ತಾನೇ ಬಿಳಿಚಿಕೊಂಡ.

ಹನ್ನೊಂದು ಇಪ್ಪತ್ತೆಂಟು. ಮುಂದಿನ ಮನೆಯವರು ಅಂಗಳದಲ್ಲಿ ಬಂದು ನಿಂತಿದ್ದಾರೆ, ಪೆಟ್ಟಿಗೆ ಎತ್ತಬೇಕು ಎಂದಳು ಗುಮಾಸ್ತೆ. ಮಗಳು ಎದ್ದು ಅವನ ಕೈಯಿಂದ ಕಂತೆ ಕಸಿದುಕೊಂಡಳು.

“ಕೊನೆಯವರು ಇನ್ನೂ ಬಂದಿಲ್ಲ. ಬರೋತನಕ ಇದು ಮುಗಿದ ಹಾಗಲ್ಲ.”

“ನಿಯಮ ಇದೆಯಮ್ಮಾ,” ಎಂದಳು ಗುಮಾಸ್ತೆ.

ದೊಡ್ಡಪ್ಪ ಇನ್ನೂ ಹಾಳೆ ಹಿಡಿದು ನಿಂತಿದ್ದರು. ಜೇಬಿನಿಂದ ಪೆನ್ನು ತೆಗೆದು, ಕನ್ನಡಕ ಏರಿಸಿ, “ಐದು ನಿಮಿಷ ಕೊಡಿ ತಾಯಿ,” ಎಂದರು. “ನನ್ನದೊಂದು ತಪ್ಪಿದೆ. ತಿದ್ದಿ ಓದಬೇಕು.” ಅವರು ಯಾರಿಗಾದರೂ ಹಾಗೆ ಕೇಳಿಕೊಂಡದ್ದನ್ನು ಮನೆಯವರು ಯಾರೂ ಕಂಡಿರಲಿಲ್ಲ.

ಮಗಳು ಅಷ್ಟರಲ್ಲಿ ಹೊರಗಿದ್ದಳು. ಬಸ್‌ಸ್ಟಾಪಿಗೂ ಎಂದೂ ಓಡದವಳು, ಅಂದು ಚಪ್ಪಲಿ ಕಳಚಿ ಗೇಟಿನ ತನಕ ಓಡಿದಳು. ಅಲ್ಲಿಂದ ಕಂಬಕ್ಕೊಂದು, ಗಿಡಕ್ಕೊಂದು ರಿಬ್ಬನ್ ಕಟ್ಟುತ್ತ ಬಂದಳು. ಮೊದಲನೇ ಸಭಾಂಗಣದ ಕಿಟಕಿಯಲ್ಲಿ ಕಾರ್ಖಾನೆಯ ನೀಲಿ ಸಮವಸ್ತ್ರ ಕಂಡಿತು. ಹನ್ನೊಂದು ಹೆಂಗಸರು ಯಾರೋ ಮೀಸೆಯ ಮುದುಕನ ಫೋಟೋ ಮುಂದೆ ಸಾಲಾಗಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ದಾರಿ ಗೊತ್ತಾಗದೆ ಸಿಕ್ಕ ಬಾಗಿಲು ಹೊಕ್ಕೆವು, ಎದ್ದು ಬಂದರೆ ಆ ಮನೆಯವರಿಗೆ ನೋವಾಗುತ್ತದಲ್ಲ ಎಂದು ಕೂತುಬಿಟ್ಟೆವು ಎಂದಳು ಬಲತೋಳಿನವಳು, ಏದುಸಿರು ಬಿಡುತ್ತ ಅವಳ ಹಿಂದೆ ಓಡಿಬರುತ್ತ.

ದೊಡ್ಡಪ್ಪ ತಿದ್ದಿದ ಸಾಲನ್ನು ಎರಡು ಸಲ ಓದಿದರು. ಎರಡನೇ ಸಲ ಸಮಯವನ್ನೂ ಸೇರಿಸಿದರು, ಐದು ಗಂಟೆ ನಲವತ್ತು ನಿಮಿಷ. ಆಮೇಲೆ ಎಲ್ಲ ಸೇರಿ ಪೆಟ್ಟಿಗೆ ಎತ್ತಿದರು. ಎಡಬದಿಯ ಹಿಡಿ ಹಿಡಿಯಲು ಹೋದ ಬ್ಯಾಂಕಿನವರನ್ನು ಬಲತೋಳಿನವಳು ಪಕ್ಕಕ್ಕೆ ಸರಿಸಿದಳು.

ಎಲ್ಲರೂ ಹೊರಬಂದ ಮೇಲೆ ಕೊನೆಯಲ್ಲಿ ರಿಬ್ಬನ್ನಿನವನು ಬಂದ. ಬಾಗಿಲ ಚೌಕಟ್ಟಿನಲ್ಲಿ ಉಳಿದಿದ್ದ ರಿಬ್ಬನ್ನಿನ ಗಂಟಿಗೆ ಅವನ ಬೆರಳು ಹೋಯಿತು. ಮಗಳು ಅವನ ಮಣಿಕಟ್ಟು ಹಿಡಿದಳು.

“ಅದು ಇರ್ಲಿ. ಹಿಂದೆ ಇನ್ನೂ ಜನ ಇದ್ದಾರೆ.”

ಅಂಗಳದಲ್ಲಿ ಕಾಯುತ್ತಿದ್ದ ಮುಂದಿನ ಮನೆಯವರು ಆ ಕಿತ್ತಳೆ ತುಂಡನ್ನು ನೋಡಿಕೊಂಡು, ಒಬ್ಬರ ಹಿಂದೊಬ್ಬರಾಗಿ ಒಳಗೆ ನಡೆದರು.